ಮಂಡಿಯೊಳಗಿನ ಬಿಜಾಗರಿ

ನಮ್ಮ ಚಿಕ್ಕಮ್ಮನ ಬಲಮಂಡಿಗೆ ಕೃತಕ ಕೀಲು ಕೂಡಿಸಿ ಹದಿನಾಲ್ಕು ವರ್ಷವಾಗಿತ್ತು. ಮೊದಲ ಹನ್ನೆರಡು ವರ್ಷ ಅದು ಅಲ್ಲಿದೆ ಎಂಬುದನ್ನೇ ಅವರು ಮರೆತಿದ್ದರು. ಕೃತಕ ಕೀಲಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಾಗಿಲ್ಲ. ಆಮೇಲೆ ಮೆಟ್ಟಿಲಿಳಿಯುವಾಗ ಕಾಲು ಪಕ್ಕಕ್ಕೆ ವಾಲತೊಡಗಿತು. ಕ್ಷ-ಕಿರಣದ ಚಿತ್ರ ತೆಗೆಸಿದಾಗ, ಕೀಲು ಸಡಿಲವಾಗಿದೆ, ಅದನ್ನು ತೆಗೆದು ಬೇರೊಂದನ್ನು ಹಾಕಬೇಕು, ಯಾವ ನಮೂನೆ ಎಂಬುದನ್ನು ಆಮೇಲೆ ನೋಡೋಣ ಎಂದರು ವೈದ್ಯರು. ಅವರ ಬಾಯಿಂದ ಬಿದ್ದ ಎರಡು ಮೂರು ಹೆಸರುಗಳನ್ನು ಹಿಡಿದುಕೊಂಡು ಚಿಕ್ಕಮ್ಮ ಮನೆಗೆ ಬಂದು ನನ್ನನ್ನು ಕೇಳಿದರು: "ಬಾಗಿಲಿಗಿರೋ ಬಿಜಾಗರಿ ಥರದ್ದು ಒಂದಂತೆ, ಅಲ್ಲದ್ದು ಇನ್ನೊಂದಂತೆ. ಎರಡರಲ್ಲಿ ಯಾವುದಪ್ಪಾ ಗಟ್ಟಿ?"

ನಾನು ವೈದ್ಯನಲ್ಲ, ಹಳೆಯ ಸಂಗತಿಗಳನ್ನು ಕೆದಕುವ ಚಟವುಳ್ಳವನು, ಅಷ್ಟೆ. ಉತ್ತರ ಹುಡುಕಿ ಹೊರಟವನಿಗೆ ಸಿಕ್ಕಿದ್ದು ನೂರಮೂವತ್ತು ವರ್ಷಗಳಿಗೂ ಮಿಕ್ಕ ಒಂದು ಕಥೆ. ಗಟ್ಟಿಯಾದದ್ದೇ ಮೊದಲು ಸಡಿಲವಾದ ಕಥೆ ಅದು. ಸೋತು ಮೂಲೆಗೆ ಬಿದ್ದ ಒಂದು ಸಾಧನ, ಬೇರೆಯವು ಸೋತಾಗ ಆಪದ್ಬಾಂಧವನಾಗಿ ಮರಳಿ ಬಂದ ಕಥೆಯೂ ಹೌದು. ವಾಚಕರಲ್ಲಿ ಹಲವರ ಮನೆಯಲ್ಲಿ ಇಂಥದೊಂದು ಮಂಡಿ ಇದ್ದೀತು. ಆದ್ದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಮಂಡಿಯ ವಿಚಾರ. ನೋಡುವ ಕಣ್ಣಿಗೆ ಅದು ಬಾಗಿಲಿನ ಹಾಗೆ ಮಡಚುತ್ತದೆ, ಬಿಡಿಸಿಕೊಳ್ಳುತ್ತದೆ. ಆದರೆ ಒಂದು ಅಚ್ಚಿನ ಸುತ್ತ ತಿರುಗುವ ಬಾಗಿಲಲ್ಲ ಅದು. ತೊಡೆಯ ಮೂಳೆಯ ಎರಡು ಉರುಟು ತುದಿಗಳು ಕೆಳಗಾಲಿನ ಮೂಳೆಯ ಚಪ್ಪಟೆ ತಲೆಯ ಮೇಲೆ ಉರುಳುತ್ತವೆ, ಉರುಳುತ್ತಲೇ ಜಾರುತ್ತವೆ. ಜತೆಗೆ ಕೆಳಗಾಲು ತನ್ನ ನಿಲುವಿನಲ್ಲಿ ಒಳಕ್ಕೂ ಹೊರಕ್ಕೂ ಒಂದಿಷ್ಟು ತಿರುಚಿಕೊಳ್ಳುತ್ತದೆ. ಕುರ್ಚಿಯ ಮೇಲೆ ಕುಳಿತು, ಪಾದವನ್ನು ನೆಲದ ಮೇಲೆ ಹಗುರವಾಗಿಟ್ಟು, ತೊಡೆಯನ್ನು ಅಲ್ಲಾಡಿಸದೆ ಹೆಬ್ಬೆರಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಆ ತಿರುಚು ನಿಮಗೇ ತಿಳಿದೀತು. ಇಷ್ಟೆಲ್ಲ ಸ್ವಾತಂತ್ರ್ಯವಿದ್ದೂ ಕೀಲು ಕಳಚಿಕೊಳ್ಳದಂತೆ ಹಿಡಿದಿರುವುದು ಮೂಳೆಯ ಆಕಾರವಲ್ಲ. ಮೂಳೆಯನ್ನು ಮೂಳೆಗೆ ಬಿಗಿದ ನಾರಿನ ಪಟ್ಟಿಗಳು, ವೈದ್ಯರು ಅಸ್ಥಿರಜ್ಜು ಎನ್ನುವವು, ಆ ಕೆಲಸ ಮಾಡುತ್ತವೆ. ಪಕ್ಕಕ್ಕೊಂದರಂತೆ ಎರಡು, ನಡುವೆ ಕತ್ತರಿಯ ಹಾಗೆ ಅಡ್ಡಹಾಯ್ದ ಎರಡು.

ಮಂಡಿ ಉರುಳಿ ಜಾರುತ್ತದೆಂಬುದು ಹೊಸ ಮಾತೇನಲ್ಲ. ಜರ್ಮನಿಯ ವೇಬರ್ ಸಹೋದರರು ಮನುಷ್ಯನ ನಡಿಗೆಯ ಯಂತ್ರಶಾಸ್ತ್ರವನ್ನು ಕುರಿತು 1836ರಲ್ಲೇ ಗ್ರಂಥ ಬರೆದು ಇದನ್ನು ವಿವರಿಸಿದ್ದರು. ಆದರೂ ಮಂಡಿಯನ್ನು ಮಾಡಹೊರಟವರೆಲ್ಲ ಮುಂದೆ ಒಂದೂ ಕಾಲು ಶತಮಾನ ಬಿಜಾಗರಿಯನ್ನೇ ಮಾಡಿದರು. ಮಾಡುವುದಕ್ಕೆ ಸುಲಭವಾದದ್ದು ನಿಜದಂತೆ ಕಾಣುವುದು ಮನುಷ್ಯಸ್ವಭಾವವೆಂದು ತೋರುತ್ತದೆ.

ಮೊದಲಿಗ ಬರ್ಲಿನಿನ ಶಸ್ತ್ರವೈದ್ಯ ಥೆಮಿಸ್ಟೋಕ್ಲಿಸ್ ಗ್ಲೂಕ್. 1890ರ ಮೇ 20ರಂದು ಆತ ಕ್ಷಯದಿಂದ ಹಾಳಾದ ಒಂದು ಮಂಡಿಯನ್ನು ಕೊಯ್ದು ತೆಗೆದು, ಆ ಜಾಗದಲ್ಲಿ ಆನೆಯ ದಂತದಿಂದ ಮಾಡಿದ ಬಿಜಾಗರಿಯನ್ನು ಕೂಡಿಸಿದ. ಅದನ್ನು ಮೂಳೆಯಲ್ಲಿ ನಿಲ್ಲಿಸಲು ರಾಳ, ಪ್ಯೂಮಿಸ್ ಕಲ್ಲಿನ ಪುಡಿ, ಪ್ಲಾಸ್ಟರು ಇವನ್ನೆಲ್ಲ ಬೆರೆಸಿ ಒಂದು ಬಗೆಯ ಗಾರೆಯನ್ನೂ ತಯಾರಿಸಿದ್ದ. ಇಂದಿನವರು ಮಾಡುವುದರ ಬೀಜವೆಲ್ಲ ಅಲ್ಲಿದೆ. ಆದರೆ ಆತ ಆರಿಸಿಕೊಂಡ ರೋಗಿಗಳು ಕ್ಷಯದವರು. ಒಳಗೆ ಅಡಗಿದ್ದ ಕೀವು ಮತ್ತೆ ತಲೆಯೆತ್ತಿತು, ಕೀಲುಗಳನ್ನು ತೆಗೆಯಬೇಕಾಯಿತು. ಅದೇ ವರ್ಷ ಬರ್ಲಿನಿನಲ್ಲಿ ಹತ್ತನೆಯ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ನೆರೆದಾಗ, ಗ್ಲೂಕನ ಗುರು ಬೆರ್ಗ್‌ಮನ್ನನೇ ಆತ ಅಲ್ಲಿ ಮಾತಾಡದಂತೆ ತಡೆದನೆಂದು ವೈದ್ಯಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅದೇ ಸಮ್ಮೇಳನದಲ್ಲಿ ಕಾಖ್ ಮಹಾಶಯ ಕ್ಷಯಕ್ಕೆ ಮದ್ದು ಕಂಡೆನೆಂದು ಟ್ಯೂಬರ್ಕ್ಯುಲಿನ್ನಿನ ಸುದ್ದಿ ಕೊಟ್ಟು ಜಗತ್ತನ್ನು ಬೆರಗುಗೊಳಿಸಿದ. ಆ ಮದ್ದು ರೋಗವನ್ನು ಗುಣಪಡಿಸಲಿಲ್ಲವೆಂಬುದು ಬೇಗನೆ ತಿಳಿಯಿತು. ಒಬ್ಬನಿಗೆ ಸಭೆ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ಸೋತದ್ದು ಮಾತ್ರ ಇಬ್ಬರೂ ಒಂದೇ ರೋಗದ ಮುಂದೆ.

ಅಲ್ಲಿಂದ ಅರುವತ್ತು ವರ್ಷ ಹೇಳುವಂಥದೇನೂ ಹೆಚ್ಚಿಗೆ ನಡೆಯಲಿಲ್ಲ. 1951ರಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಎಂಬಾತ ಅಕ್ರಿಲಿಕ್ಕಿನ ಬಿಜಾಗರಿ ಹಾಕಿದ. ಕೆಲವು ವರ್ಷಗಳಲ್ಲಿ ಅದನ್ನೇ ಲೋಹದಲ್ಲಿ ಮಾಡಿದ. 1954ರಲ್ಲಿ ಇಂಗ್ಲೆಂಡಿನ ಶಿಯರ್ಸ್ ತನ್ನ ಲೋಹದ ಬಿಜಾಗರಿಯನ್ನು ಪ್ರಕಟಿಸಿದ. ಸಂಧಿವಾತದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದವರು ಎದ್ದು ನಡೆದರು. ನೋವು ಹೋಯಿತು, ಕಾಲು ನೆಟ್ಟಗಾಯಿತು. ಹಾಕುವುದೂ ಸುಲಭ, ರಜ್ಜುಗಳು ಇದ್ದರೇನು, ಹೋದರೇನು, ಅಚ್ಚು ಎಲ್ಲವನ್ನೂ ಹಿಡಿದುಕೊಳ್ಳುತ್ತಿತ್ತು.

ತೊಡಕು ಇದ್ದದ್ದೇ ಅಲ್ಲಿ. ಕಾಲು ತಿರುಚಿಕೊಳ್ಳಲು ಹೊರಟಾಗಲೆಲ್ಲ ಅಚ್ಚು ಬಿಡದೆ ತಡೆಯುತ್ತಿತ್ತು. ಸಹಜವಾದ ಮಂಡಿಯಲ್ಲಿ ಆ ತಿರುಚುಬಲವನ್ನು ಮೆತ್ತನೆಯ ರಜ್ಜುಗಳು ಎಳೆದಾಡಿ ಕರಗಿಸುತ್ತವೆ. ಬಿಜಾಗರಿಯಲ್ಲಿ ಅದು ನೇರವಾಗಿ ಲೋಹದ ಕಾಂಡಕ್ಕೆ, ಕಾಂಡದಿಂದ ಮೂಳೆಗೆ ಇಳಿಯುತ್ತದೆ. ಗಟ್ಟಿಯಾಗಿ ನೆಟ್ಟ ಬೇಲಿಯ ಗೂಟವನ್ನು ದಿನವೂ ಸಾವಿರ ಸಲ ತಿರುಚುತ್ತಿದ್ದರೆ ಏನಾದೀತು? ಗೂಟ ಮುರಿಯುವುದು ಅಪರೂಪ. ಸುತ್ತಲ ಮಣ್ಣು ಸಡಿಲವಾಗುತ್ತದೆ. ಈ ಕೀಲುಗಳೂ ಹಾಗೆಯೇ ಸಡಿಲವಾದವು, ಹಲವಕ್ಕೆ ಕೀವು ಹತ್ತಿತು, ಕೆಲವು ಮುರಿದವು. ಮೊದಲ ಸಲವೇ ಮೂಳೆಯನ್ನು ಧಾರಾಳವಾಗಿ ಕೊಯ್ದಿದ್ದರಿಂದ ಎರಡನೆಯ ಸಲಕ್ಕೆ ಹಿಡಿದುಕೊಳ್ಳಲು ಮೂಳೆಯೇ ಉಳಿದಿರುತ್ತಿರಲಿಲ್ಲ. ಆಗ ಉಳಿದದ್ದು ಎರಡೇ ದಾರಿ: ಕಾಲು ಇನ್ನು ಮಡಚದಂತೆ ಮೂಳೆಗೆ ಮೂಳೆ ಬೆಸೆಯುವುದು, ಇಲ್ಲವೆ ತೊಡೆಯಲ್ಲಿ ಕತ್ತರಿಸುವುದು. ಮರುಶಸ್ತ್ರಕ್ರಿಯೆ ಎಂಬ ಮಾತಿಗೆ ಆ ಕಾಲದಲ್ಲಿದ್ದ ಭಯ ಎಂಥದೆಂದು ಇದರಿಂದ ಊಹಿಸಬಹುದು.

ಬದಲಾವಣೆ ಬಂದದ್ದು ಮಂಡಿಯಿಂದಲ್ಲ, ಸೊಂಟದಿಂದ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬಾತ ಸೊಂಟದ ಕೀಲಿನ ಮೇಲೆ ಕೆಲಸ ಮಾಡುತ್ತಿದ್ದ. ಜಾರುವ ಬಟ್ಟಲಿಗೆ ಆತ ಮೊದಲು ಬಳಸಿದ್ದು ಟೆಫ್ಲಾನ್. ಅದು ಬಹು ಬೇಗ ಸವೆದು ನೂರಾರು ರೋಗಿಗಳಿಗೆ ತೊಂದರೆಯಾಯಿತು. ಲ್ಯಾಂಕಷೈರಿನ ನೇಯ್ಗೆ ಯಂತ್ರಗಳ ಹಲ್ಲುಚಕ್ರಕ್ಕೆಂದು ಮಾರುವವನೊಬ್ಬ ತಂದಿದ್ದ ಪಾಲಿಎಥಿಲೀನ್ ತುಂಡೊಂದನ್ನು ಚಾರ್ನ್ಲಿ ಉಗುರಿನಿಂದ ಕೆರೆದು ನೋಡಿ ಕಡೆಗಣಿಸಿದನಂತೆ. ಆತನ ಪ್ರಯೋಗಶಾಲೆಯ ಹ್ಯಾರಿ ಕ್ರೇವನ್ ಅದನ್ನು ಸುಮ್ಮನೆ ಯಂತ್ರಕ್ಕೇರಿಸಿ ಸವೆಸಿ ನೋಡಿದ. ಸವೆತ ಅತ್ಯಲ್ಪ! ಪೆಟ್ಟು ತಿಂದಿದ್ದ ಚಾರ್ನ್ಲಿ ಈ ಸಲ ಎಚ್ಚರವಹಿಸಿ ಎರಡು ವಸ್ತುಗಳನ್ನೂ ತನ್ನ ತೊಡೆಯೊಳಕ್ಕೇ ಸೇರಿಸಿಕೊಂಡು ನೋಡಿದ. ಟೆಫ್ಲಾನ್ ಇದ್ದ ಕಡೆ ಊತ ಬಂತು, ಇನ್ನೊಂದು ಸುಮ್ಮನಿತ್ತು. 1962ರ ಕೊನೆಗೆ ಪಾಲಿಎಥಿಲೀನ್ ಸೊಂಟದ ಕೀಲಿನಲ್ಲಿ ಕುಳಿತಿತು. ಒಂದು ಕಡೆ ಲೋಹ, ಇನ್ನೊಂದು ಕಡೆ ಪ್ಲಾಸ್ಟಿಕ್ಕು, ಮೂಳೆಗೆ ಅಂಟಿಸಲು ಅಕ್ರಿಲಿಕ್ ಸಿಮೆಂಟು ಎಂಬ ಇಂದಿನ ವಿಧಾನ ನೆಲೆಯಾಯಿತು.

ಚಾರ್ನ್ಲಿಯ ಬಳಿಗೆ ಕಲಿಯಲು ಬಂದಿದ್ದ ಕೆನಡಾದ ಫ್ರಾಂಕ್ ಗನ್‌ಸ್ಟನ್ 1968ರಲ್ಲಿ ಅದೇ ವಿಧಾನವನ್ನು ಮಂಡಿಗೆ ತಂದ. ಅಚ್ಚನ್ನು ಕಿತ್ತೊಗೆದು, ತೊಡೆಮೂಳೆಯ ತುದಿಗಳಿಗೆ ಉಕ್ಕಿನ ಬಿಲ್ಲೆಗಳನ್ನೂ ಕೆಳಗೆ ಪ್ಲಾಸ್ಟಿಕ್ಕಿನ ಹಳಿಗಳನ್ನೂ ಕೂಡಿಸಿದ. ಹಿಡಿದಿಡುವ ಕೆಲಸ ರೋಗಿಯ ರಜ್ಜುಗಳದೇ. ವೇಬರ್ ಸಹೋದರರ ಮಾತಿಗೆ ಕೊನೆಗೂ ಕಿವಿಗೊಟ್ಟಂತಾಯಿತು. ಲಂಡನ್ನಿನಲ್ಲಿ ಫ್ರೀಮನ್ ಮತ್ತು ಸ್ವಾನ್‌ಸನ್ ಇನ್ನೊಂದು ದಾರಿ ಹಿಡಿದರು. 1974ರಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿ ಎಂಬಲ್ಲಿ ಜಾನ್ ಇನ್ಸಾಲ್, ಚಿತ್ತರಂಜನ ರಣಾವತ್ ಮತ್ತು ಇಂಜಿನಿಯರ್ ಪೀಟರ್ ವಾಕರ್ ಕೂಡಿ ಮಾಡಿದ 'ಟೋಟಲ್ ಕಾಂಡೈಲರ್' ಕೀಲು ಬಂತು. ನಮ್ಮ ಕಡೆ ನೆರೆಹೊರೆಯವರ ಮಂಡಿಗಳಲ್ಲಿರುವುದೆಲ್ಲ ಹೆಚ್ಚುಕಡಮೆ ಅದರ ಮಕ್ಕಳು ಮೊಮ್ಮಕ್ಕಳೇ. ಇವರಲ್ಲಿ ರಣಾವತ್ ಮಧ್ಯಪ್ರದೇಶದವರು, ಇಂದೋರಿನಲ್ಲಿ ವೈದ್ಯವನ್ನು ಓದಿದವರು. 2000ದಲ್ಲಿ ಮುಂಬಯಿಗೆ ಬಂದು ಆಗಿನ ಪ್ರಧಾನಿ ವಾಜಪೇಯಿಯವರ ಒಂದು ಮಂಡಿಯನ್ನೂ ಮರುವರ್ಷ ಇನ್ನೊಂದನ್ನೂ ಬದಲಿಸಿದವರು. ಅದಾದ ಮೇಲೆ ಈ ಶಸ್ತ್ರಕ್ರಿಯೆಯ ಹೆಸರು ನಮ್ಮ ಹಳ್ಳಿಯ ಜಗಲಿಗಳಲ್ಲೂ ಕೇಳಿಬಂತೆಂಬುದನ್ನು ನೆನೆಯಬಹುದು.

1978ರಲ್ಲಿ ಇನ್ಸಾಲ್ ಮತ್ತು ಬರ್ಸ್ಟೀನ್ ಇದಕ್ಕೊಂದು ಗೂಟ ಸೇರಿಸಿದರು. ಕೆಳಗಿನ ಪ್ಲಾಸ್ಟಿಕ್ಕಿನ ನಡುವಿನಿಂದ ಮೇಲೆದ್ದ ಗಿಡ್ಡ ಗೂಟ. ಮೇಲಿನ ಲೋಹದಲ್ಲಿ ಅದಕ್ಕೊಂದು ಗೂಡು, ಗೂಡಿಗೊಂದು ಅಡ್ಡಪಟ್ಟಿ. ಕಾಲು ಮಡಚಿದಾಗ ಪಟ್ಟಿ ಗೂಟಕ್ಕೆ ತಗುಲಿ, ಕೆಳಗಾಲು ಹಿಂದಕ್ಕೆ ಜಾರದಂತೆ ತಡೆಯುತ್ತದೆ. ಕತ್ತರಿಯಾಕಾರದ ರಜ್ಜುಗಳಲ್ಲಿ ಹಿಂದಿನದು ಮಾಡುತ್ತಿದ್ದ ಕೆಲಸ ಇದು. ಪಕ್ಕದ ರಜ್ಜುಗಳು ಮಾತ್ರ ರೋಗಿಯವೇ ಆಗಿರಬೇಕು.

ಈ ಗೂಟವನ್ನು ಮರೆಯಬೇಡಿ. ಮುಂದಿನ ಕಥೆಯೆಲ್ಲ ಅದರ ಎತ್ತರದ ಕಥೆ.

ಸಾವಿರಾರು ಜನರಿಗೆ ಕೀಲು ಹಾಕಿದ ಮೇಲೆ, ಹತ್ತು ಹದಿನೈದು ವರ್ಷ ಕಳೆದಂತೆ ಅವರಲ್ಲಿ ಕೆಲವರು ಮರಳಿ ಬರತೊಡಗಿದರು. ಸವೆಯದೆಂದು ಬಗೆದ ಪ್ಲಾಸ್ಟಿಕ್ಕೂ ಸವೆಯುತ್ತಿತ್ತು. ಕಣ್ಣಿಗೆ ಕಾಣದ ಆ ಪುಡಿಯನ್ನು ದೇಹದ ಜೀವಕೋಶಗಳು ಪರಕೀಯವೆಂದು ನುಂಗಿ, ಜೀರ್ಣಿಸಲಾರದೆ ಕೆರಳಿ, ಅಕ್ಕಪಕ್ಕದ ಮೂಳೆಯನ್ನೇ ಕರಗಿಸುತ್ತವೆ. ಇನ್ನೊಂದು ಅನಾಹುತವೂ ಇತ್ತು. ಕೀಲುಗಳನ್ನು ಕ್ರಿಮಿರಹಿತವಾಗಿ ಮಾಡಲು ಗಾಳಿ ತುಂಬಿದ ಪೊಟ್ಟಣದಲ್ಲಿಟ್ಟು ಗಾಮಾ ಕಿರಣ ಹಾಯಿಸುತ್ತಿದ್ದರು. ಅದರಿಂದ ಪ್ಲಾಸ್ಟಿಕ್ಕಿಗೆ ಆಮ್ಲಜನಕ ಹತ್ತಿ, ಕಪಾಟಿನಲ್ಲಿ ಕುಳಿತಲ್ಲೇ ಅದು ಪೆಡಸಾಗುತ್ತಿತ್ತು. 1990ರ ದಶಕದ ನಡುವಿನಿಂದೀಚೆಗೆ ಗಾಳಿಯನ್ನು ತೆಗೆದು ಪೊಟ್ಟಣ ಕಟ್ಟುವ ಪದ್ಧತಿ ಬಂತು. ಒಳ್ಳೆಯ ಶಸ್ತ್ರವೈದ್ಯನ ಕೈಕೆಲಸವನ್ನು ಉಗ್ರಾಣದ ಕಪಾಟೊಂದು ಕೆಡಿಸಿತ್ತೆಂದರೆ ಯಾರನ್ನು ದೂರೋಣ?

ಮೂಳೆ ಕರಗಿದವರು ಕೆಲವರು, ಕೀವಾದವರು ಕೆಲವರು, ರಜ್ಜು ಸಡಿಲಗೊಂಡವರು ಕೆಲವರು. ಕೀವಾದವರ ಪಾಡು ಬೇರೆ. ಹ್ಯಾಂಬರ್ಗಿನ ಬುಖ್‌ಹೋಲ್ಟ್ಸ್ 1970ರ ಸುಮಾರಿನಲ್ಲಿ ಸಿಮೆಂಟಿಗೇ ಜೆಂಟಮೈಸಿನ್ ಬೆರೆಸಿ, ಹಳೆಯದನ್ನು ತೆಗೆದ ದಿನವೇ ಹೊಸದನ್ನು ಹಾಕುವ ಪದ್ಧತಿ ತಂದ. ಇನ್ಸಾಲನ ಬಳಗ 1983ರಲ್ಲಿ ಎರಡು ಹಂತದ ಪದ್ಧತಿಯನ್ನು ವರದಿ ಮಾಡಿತು: ಮೊದಲು ಎಲ್ಲವನ್ನೂ ತೆಗೆದು ಆರು ವಾರ ಔಷಧಿ, ಆಮೇಲೆ ಹೊಸ ಕೀಲು. ಯಾವುದು ಮೇಲೆಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ಚಿಕ್ಕಮ್ಮನ ಮಂಡಿಯಿಂದ ನೀರು ತೆಗೆದು ಪರೀಕ್ಷಿಸಿದಾಗ ಸೋಂಕಿಲ್ಲವೆಂದು ತಿಳಿದದ್ದರಿಂದ ನಾವು ಆ ವಾದಕ್ಕೆ ಸಿಕ್ಕಿಕೊಳ್ಳಲಿಲ್ಲ.

ಇನ್ನು ನಮೂನೆಗಳ ವಿಚಾರ. ಎರಡನೆಯ ಸಲ ಮಂಡಿಯನ್ನು ತೆರೆದವನಿಗೆ ಎದುರಾಗುವ ಪ್ರಶ್ನೆ ಇದು: ಈ ರೋಗಿಯ ರಜ್ಜುಗಳಿಂದ ಎಷ್ಟು ಕೆಲಸ ಆದೀತು, ಎಷ್ಟನ್ನು ಲೋಹಕ್ಕೆ ಒಪ್ಪಿಸಬೇಕು? ಪಕ್ಕದ ರಜ್ಜುಗಳು ಗಟ್ಟಿಯಾಗಿದ್ದರೆ ಗಿಡ್ಡ ಗೂಟದ ಕೀಲೇ ಸಾಕು. ಅವು ಸಡಿಲವಾಗಿದ್ದರೆ ಗೂಟವನ್ನು ಎತ್ತರಿಸಿ, ದಪ್ಪಮಾಡಿ, ಆಳವಾದ ಗೂಡಿನೊಳಗೆ ಬಿಗಿಯಾಗಿ ಕೂಡಿಸುತ್ತಾರೆ. ಆಗ ಕಾಲು ಪಕ್ಕಕ್ಕೂ ವಾಲದು. ನ್ಯೂಯಾರ್ಕಿನ ಅದೇ ಆಸ್ಪತ್ರೆಯಲ್ಲಿ 1970ರ ದಶಕದಲ್ಲಿ ಹುಟ್ಟಿದ 'ಟೋಟಲ್ ಕಾಂಡೈಲರ್ ಮೂರು' ಈ ಜಾತಿಯ ಮೂಲಪುರುಷ. ಇಲ್ಲಿ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಕೊಂಡಿಯಿಲ್ಲ, ಎತ್ತಿದರೆ ಬೇರೆಯಾಗುತ್ತವೆ.

ಪಕ್ಕದ ರಜ್ಜು ಪೂರ್ತಿ ಹೋಗಿದ್ದರೆ? ಅವು ಅಂಟಿಕೊಂಡಿದ್ದ ಮೂಳೆಯೇ ಕರಗಿದ್ದರೆ? ಆಗ ಗೂಟವೂ ಸಾಲದು. ಇಲ್ಲಿಯೇ ನೋಡಿ, ಮೂಲೆಗೆ ಎಸೆದಿದ್ದ ಬಿಜಾಗರಿಯನ್ನು ಮತ್ತೆ ಎತ್ತಿಕೊಂಡು ಬಂದರು. ಆದರೆ ಹಳೆಯ ತಪ್ಪನ್ನು ತಿದ್ದಿ. ಮಡಚುವ ಅಚ್ಚಿನ ಜತೆಗೆ, ಕೆಳಗಾಲು ತನ್ನ ನಿಲುವಿನಲ್ಲಿ ತಿರುಗಿಕೊಳ್ಳಲು ಇನ್ನೊಂದು ಅಚ್ಚನ್ನು ಇಟ್ಟರು. ಬೀಸುಗಲ್ಲಿನ ಗೂಟದ ಮೇಲೆ ಮೇಲುಗಲ್ಲು ತಿರುಗುತ್ತದಲ್ಲ, ಸ್ವಲ್ಪ ಆ ಬಗೆ. 1970ರ ದಶಕದ ಕೊನೆಗೆ ಇಂಥ 'ತಿರುಗುವ ಬಿಜಾಗರಿ'ಗಳು ಬಳಕೆಗೆ ಬಂದವು. ಮೊದಮೊದಲಿನವು ಹೆಸರು ಗಳಿಸಲಿಲ್ಲ. ಸೋಂಕೂ ಮಂಡಿಚಿಪ್ಪಿನ ತೊಂದರೆಯೂ ಬಹಳವೆಂಬ ದೂರಿತ್ತು. ಮುಂದಿನವು ಸುಧಾರಿಸಿದವು.

ಲೋಹ ಎಷ್ಟು ಹೆಚ್ಚು ಹಿಡಿಯುತ್ತದೆಯೋ ಮೂಳೆಯ ಮೇಲೆ ಅಷ್ಟು ಹೆಚ್ಚು ಬಲ ಬೀಳುತ್ತದೆ ಎಂಬ ನಿಯಮ ಮಾತ್ರ ಬದಲಾಗಿಲ್ಲ. ಆ ಬಲ ಎಷ್ಟೆಂದು ಅಳೆದವರೂ ಇದ್ದಾರೆ. ಗ್ಲೂಕನ ಬರ್ಲಿನಿನಲ್ಲೇ, ಷಾರಿಟೆ ಆಸ್ಪತ್ರೆಯ ಸಂಶೋಧಕರು ಕೆಲವು ರೋಗಿಗಳ ಕೃತಕ ಮಂಡಿಯೊಳಗೇ ಅಳತೆಯ ಉಪಕರಣವಿಟ್ಟು, ಅದರ ಸುದ್ದಿಯನ್ನು ರೇಡಿಯೋ ಅಲೆಗಳ ಮೂಲಕ ಹೊರಗೆ ಪಡೆದರು. (ಬಾನುಲಿ ಎಲ್ಲೆಲ್ಲಿಂದ ಪ್ರಸಾರವಾಗುತ್ತದೆ ನೋಡಿ!) 2010ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಸಮನೆಲದಲ್ಲಿ ನಡೆಯುವಾಗ ದೇಹದ ತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟು ಭಾರ ಮಂಡಿಯ ಮೇಲೆ ಬೀಳುತ್ತದೆ. ಅರುವತ್ತು ಕಿಲೋ ತೂಗುವ ನಮ್ಮ ಚಿಕ್ಕಮ್ಮ ಒಂದೊಂದು ಮೆಟ್ಟಿಲಿಗೂ ಎರಡು ಕ್ವಿಂಟಲಿನಷ್ಟನ್ನು ಆ ಸಡಿಲ ಕೀಲಿನ ಮೇಲೆ ಹೇರುತ್ತಿದ್ದರು. ಇದಕ್ಕಾಗಿಯೇ ಮರುಶಸ್ತ್ರಕ್ರಿಯೆಯ ಕೀಲುಗಳಿಗೆ ಮೂಳೆಯ ಪೊಳ್ಳಿನೊಳಕ್ಕೆ ಇಳಿಯುವ ಉದ್ದನೆಯ ಕಾಂಡಗಳಿರುತ್ತವೆ. ಭಾರವನ್ನು ಅವು ಗಟ್ಟಿ ಮೂಳೆಯವರೆಗೆ ಒಯ್ದು ಹಂಚುತ್ತವೆ. ಕರಗಿದ ಜಾಗಕ್ಕೆ ಲೋಹದ ಬೆಣೆಗಳುಂಟು. ದೊಡ್ಡ ಗುಳಿಗಳಿಗೆ ಟ್ಯಾಂಟಲಂ ಎಂಬ ಲೋಹದ, ಸ್ಪಂಜಿನಂತೆ ರಂಧ್ರಗಳುಳ್ಳ ಬುಟ್ಟಿಗಳು ಈ ಶತಮಾನದ ಮೊದಲ ವರ್ಷಗಳಿಂದ ಬಳಕೆಯಲ್ಲಿವೆ. ಮೂಳೆ ಆ ರಂಧ್ರಗಳೊಳಕ್ಕೆ ಬೆಳೆದು ಹಿಡಿದುಕೊಳ್ಳುತ್ತದೆ.

ಹಾಗಾದರೆ ಲೆಕ್ಕ ಇಟ್ಟವರು ಏನು ಹೇಳುತ್ತಾರೆ? ಲೆಕ್ಕ ಇಡುವುದರಲ್ಲಿ ಮೊದಲಿಗರು ಸ್ವೀಡನ್ನಿನವರು. ದೇಶದಲ್ಲಿ ಹಾಕಿದ ಮಂಡಿಗಳನ್ನೂ ಅವುಗಳಲ್ಲಿ ಮರಳಿ ಬಂದವನ್ನೂ 1975ರಿಂದ ದಫ್ತರಿನಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ. ಅವರನ್ನು ನೋಡಿ ಬೇರೆ ದೇಶಗಳೂ ಆರಂಭಿಸಿದವು. ಇಂಥ ಲೆಕ್ಕಗಳನ್ನು ಮೇಲೆಮೇಲೆ ಓದಿದವರಿಗೆ ಬಿಜಾಗರಿಗಳೇ ಹೆಚ್ಚು ಸೋಲುವಂತೆ ಕಾಣುತ್ತವೆ. ಓದುವಾಗ ನನಗೂ ಹಾಗೇ ಅನ್ನಿಸಿತು. ಚಿಕ್ಕಮ್ಮನಿಗೆ ಹೇಳಿಬಿಡಬೇಕೆಂದೂ ಇದ್ದೆ. ಆದರೆ ಬಿಜಾಗರಿ ಯಾರಿಗೆ ಹಾಕುತ್ತಾರೆ? ಮೂಳೆ ಹೋದವರಿಗೆ, ರಜ್ಜು ಹೋದವರಿಗೆ, ಎರಡು ಮೂರು ಸಲ ಕೊಯ್ಸಿಕೊಂಡವರಿಗೆ. ಪರೀಕ್ಷೆಯಲ್ಲಿ ಹಿಂದುಳಿದ ಮಕ್ಕಳನ್ನೆಲ್ಲ ಒಬ್ಬ ಮೇಷ್ಟರ ತರಗತಿಗೆ ಸೇರಿಸಿ, ಆ ಮೇಷ್ಟರ ಫಲಿತಾಂಶ ಕಡಮೆಯಾಯಿತೆಂದು ದೂರಿದಂತೆ ಇದು. ಅಮೆರಿಕದ ಆಂಡರ್ಸನ್ ಸಂಸ್ಥೆಯ ಎಂಗ್ ಎಂಬ ವೈದ್ಯರು ಮೂಳೆಯ ನಷ್ಟವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದು, ಒಂದೇ ಬಗೆಯ ಮಂಡಿಗಳನ್ನು ಒಂದಕ್ಕೊಂದು ಹೋಲಿಸಲು ನೆರವಾಯಿತು. ಆದರೂ ಚೀಟಿಯೆತ್ತಿ ಇವರಿಗೆ ಇದು, ಅವರಿಗೆ ಅದು ಎಂದು ಹಂಚಿ ನೋಡುವುದು ಇಲ್ಲಿ ಬಹಳ ಕಷ್ಟ. ರಜ್ಜುವೇ ಇಲ್ಲದವನಿಗೆ ಚೀಟಿಯಲ್ಲಿ ಬಂತೆಂದು ಗಿಡ್ಡ ಗೂಟ ಹಾಕಲು ಯಾವ ವೈದ್ಯ ಒಪ್ಪಿಯಾನು?

ಬೆಲೆಯ ಮಾತೂ ಒಂದಿದೆ. ಎರಡನೆಯ ಸಲದ ಕೀಲು ಮೊದಲಿನದಕ್ಕಿಂತ ದುಬಾರಿ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧಿ ಬೆಲೆ ಪ್ರಾಧಿಕಾರ ಮಂಡಿಯ ಕೀಲುಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿದಾಗ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ಮರುಶಸ್ತ್ರಕ್ರಿಯೆಯ ಕೀಲಿಗೆ 1,13,950 ರೂಪಾಯಿ ಇಟ್ಟಿತು. ತೆರಿಗೆ, ಆಸ್ಪತ್ರೆಯ ಖರ್ಚು ಬೇರೆ. ಚಿಕ್ಕಮ್ಮ ಇದನ್ನು ಕೇಳಿ, "ಮೊದಲನೇದರ ಎರಡರಷ್ಟು ಕೊಟ್ಟು ಮೊದಲನೇದರಷ್ಟು ಚೆನ್ನಾಗಿರಲ್ಲ ಅನ್ನು" ಎಂದರು. ಅವರ ಮಾತು ಹೆಚ್ಚುಕಡಮೆ ಸರಿಯೇ. ಮೊದಲ ಸಲದ ಸುಖ ಎರಡನೆಯ ಸಲ ಸಿಗುವುದು ಕಡಮೆ ಎಂದು ವೈದ್ಯರೂ ಮುಚ್ಚಿಡದೆ ಹೇಳಿದ್ದರು.

ನಾನು ಅವರಿಗೆ ಹೇಳಿದ್ದು ಇಷ್ಟು: "ಯಾವುದು ಗಟ್ಟಿ ಅಂತ ಕೇಳಬೇಡಿ ಚಿಕ್ಕಮ್ಮ. ನನ್ನ ಪಕ್ಕದ ರಜ್ಜು ಎಷ್ಟು ಉಳಿದಿದೆ, ಮೂಳೆ ಎಷ್ಟು ಉಳಿದಿದೆ ಅಂತ ಕೇಳಿ. ಅದಕ್ಕೆ ತಕ್ಕದ್ದರಲ್ಲಿ ಎಲ್ಲಕ್ಕಿಂತ ಕಡಮೆ ಹಿಡಿಯೋದು ಯಾವುದೋ ಅದು." ಅವರು ವೈದ್ಯರನ್ನು ಹಾಗೆಯೇ ಕೇಳಿದರಂತೆ. ಹಳೆಯದನ್ನು ತೆಗೆದ ಮೇಲೆಯೇ ಅದು ನಿಶ್ಚಯವಾಗಿ ತಿಳಿಯುವುದು, ಆದ್ದರಿಂದ ಮೂರು ಬಗೆಯನ್ನೂ ತರಿಸಿಟ್ಟುಕೊಂಡಿರುತ್ತೇನೆ ಎಂದರಂತೆ ಅವರು.

ಶಸ್ತ್ರಕ್ರಿಯೆಯ ದಿನ ಬೆಳಗ್ಗೆ ಆಸ್ಪತ್ರೆಯ ಓಣಿಯಲ್ಲಿ ಕೈಗಾಡಿಯ ಮೇಲೆ ಪೆಟ್ಟಿಗೆಗಳು ಹೋದದ್ದನ್ನು ನೋಡಿದೆ. ಒಂದು ಮದುವೆಯ ಪಾತ್ರೆ ಸಾಮಾನಿನಷ್ಟು. ಒಳಗಿನ ಪಕ್ಕದ ರಜ್ಜು ಸಡಿಲವಾಗಿತ್ತು, ಹೋಗಿರಲಿಲ್ಲ. ಎತ್ತರದ ಗೂಟದ ಕೀಲು, ಎರಡು ಕಾಂಡ, ಕೆಳಗೊಂದು ಬೆಣೆ ಹಾಕಿದರು. ಬಿಜಾಗರಿಯ ಪೆಟ್ಟಿಗೆ ಮುದ್ರೆ ಒಡೆಯದೆ ಸಂಜೆಯ ಗಾಡಿಯಲ್ಲಿ ಹಿಂದಕ್ಕೆ ಹೋಯಿತು. ಮಣೆಯ ಮೇಲೆ ಕೂರುವಂತಿಲ್ಲವೆಂದು ಚಿಕ್ಕಮ್ಮನಿಗೆ ಸ್ವಲ್ಪ ಬೇಸರವಿದೆ. ಮೆಟ್ಟಿಲನ್ನು ಮಾತ್ರ ಕಂಬಿ ಹಿಡಿದು ಇಳಿಯುತ್ತಾರೆ.